ಮೆಂಬರ್ ಅಕ್ಕಾರು ಅದಾರೇನ್ರಿ?

ಪಟ್ಟಣ ಪಂಚಾಯ್ತಿಯಲ್ಲಿ ನನ್ನ ಸದಸ್ಯತ್ವದ ಅವಧಿ ಮುಗಿದು ಬಹಳ ದಿನವಾಯಿತು. ಆದರೆ ಮುಗಿದಿದೆ ಅಂತ ನಮ್ಮೂರಿನವರಿಗೆ ಯಾರೂ ಹೇಳಿದಂತಿಲ್ಲ. ಮೊನ್ನೆ ಬೆಳಿಗ್ಗೆ ಹಿಂದಿನ ಓಣಿಯ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ನಿಂತು, "ಮೆಂಬರ್ ಅಕ್ಕಾರು ಅದಾರೇನ್ರಿ?" ಅಂದಳು. ಏನಾಯಿತವ್ವಾ ಅಂತ ಕೇಳಿದರೆ, ಅವರ ಎಮ್ಮೆ ನಿನ್ನೆಯಿಂದ ಹಿಂಡಗೊಡುತ್ತಿಲ್ಲವಂತೆ, ಒದೆಯುತ್ತದಂತೆ. ನಾನೀಗ ಮೆಂಬರ್ ಅಲ್ಲ, ಇದ್ದಾಗಲೂ ಎಮ್ಮೆ ನನ್ನ ಖಾತೆಯಲ್ಲಿರಲಿಲ್ಲ ಅಂದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. "ನೀವು ಮೆಂಬರ್ ಅಲ್ಲ ಅನ್ನೂದು ನಮಗ ಗೊತ್ತೈತ್ರಿ, ಎಮ್ಮಿಗೆ ಗೊತ್ತಿಲ್ಲಲ್ರಿ. ಒಮ್ಮಿ ಬಂದು ಜಬರ್ಸಿ ಹೋಗ್ರಿ" ಅಂದಳು. ಹೋಗಿ ಎಮ್ಮೆಯನ್ನು ಗದರಿಸಿ ಬಂದೆ. ಇಂಥವು ನನಗೆ ತಪ್ಪುವುದೇ ಇಲ್ಲ.

ಊರಿನ ಹೆಸರು ಹೇಳುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಯ ಬಸ್ಸು ನಿಲ್ಲುವ, ಒಂದೂ ಹೊತ್ತಿಗೆ ಸರಿಯಾಗಿ ಬಾರದ ಊರು ಅಂದರೆ ಸಾಕು. ಹೆಸರು ಹೇಳಿದರೆ ನಾಳೆ ನಮ್ಮ ಮನೆಯ ನಳಕ್ಕೆ ನೀರು ಬರುವುದಿಲ್ಲ.

ನನ್ನ ತವರು ಬೆಲ್ಲದ ಬಾಗೇವಾಡಿ. ಗಂಡನ ಮನೆಯವರು ಹೊಲ, ಕುರಿ ಎರಡನ್ನೂ ನಂಬಿದವರು. ಯಜಮಾನರು ಗೋಕಾಕದ ದಾರಿಯಲ್ಲಿ ಟಂಟಂ ರಿಕ್ಷಾ ಓಡಿಸುತ್ತಾರೆ, ನಾನು ಮನೆಯಲ್ಲೇ ಕೂತು ಜಂಪರ್ ಹೊಲಿಯುತ್ತೇನೆ. ಚುನಾವಣೆಗೆ ನಿಲ್ಲಬೇಕೆಂದು ಆಸೆಪಟ್ಟವರು ಯಜಮಾನರು. ಅದಕ್ಕಾಗಿ ಬಿಳಿ ಅಂಗಿ ಹೊಲಿಸಿಟ್ಟಿದ್ದರು. ಊರಿನ ಒಂದು ಮದುವೆ ಬಿಡದೆ, ಒಂದು ಮಣ್ಣು ಬಿಡದೆ ಹೋಗಿ ಮುಖ ತೋರಿಸಿ ಬಂದಿದ್ದರು. ಕಡೆಗೆ ನಮ್ಮ ವಾರ್ಡು ಹೆಣ್ಣುಮಕ್ಕಳಿಗೆ ಮೀಸಲು ಅಂತ ಬಂತು. ಅವತ್ತು ಅವರು ಊಟ ಮಾಡಲಿಲ್ಲ. ಮರುದಿನ ಎದ್ದವರೇ ನನ್ನನ್ನು ಫೋಟೋ ತೆಗೆಸಲು ಕರೆದುಕೊಂಡು ಹೋದರು. ಗೆದ್ದವಳು ನಾನು, ಬಿಳಿ ಅಂಗಿ ಹಾಕಿಕೊಂಡವರು ಅವರು.

ಗಾಳಿ

ಮೊದಲ ಸಭೆಯ ದಿನ ಹೆಣ್ಣು ಸದಸ್ಯರೆಲ್ಲ ಗಂಡಂದಿರ ಜೊತೆಗೇ ಬಂದಿದ್ದೆವು. ಬಾಗಿಲಲ್ಲಿ ನಿಂತಿದ್ದ ಮುಖ್ಯಾಧಿಕಾರಿಗಳು, ಸದಸ್ಯರು ಮಾತ್ರ ಒಳಗೆ ಬರಬೇಕು ಅಂದರು. ಯಜಮಾನರು ತಮ್ಮ ಅಂಗಿಯ ಕಾಲರ್ ಸರಿ ಮಾಡಿಕೊಂಡು ಮುಂದೆ ಹೋದರು. ಅಧಿಕಾರಿಗಳು ಬಹಳ ಮರ್ಯಾದೆಯಿಂದಲೇ ಅವರ ಭುಜ ಹಿಡಿದು ಹೊರಗೆ ತಿರುಗಿಸಿದರು.

ಗಂಡಂದಿರು ಮನೆಗೆ ಹೋಗಲಿಲ್ಲ. ಸಭಾಂಗಣಕ್ಕೆ ಒಂದು ಬದಿಗೆ ಸಾಲಾಗಿ ಕಿಟಕಿಗಳಿದ್ದವು. ಒಬ್ಬೊಬ್ಬರು ಒಂದೊಂದು ಕಿಟಕಿ ಹಿಡಿದರು. ನಮ್ಮವರು ನನ್ನ ಕುರ್ಚಿಯ ಬೆನ್ನ ಹಿಂದಿನ ಕಿಟಕಿಗೇ ಬಂದು ನಿಂತರು. ಅಧ್ಯಕ್ಷರು ಮೊದಲ ವಿಷಯ ಓದುವುದಕ್ಕೆ ಶುರು ಮಾಡಿದ್ದೇ ತಡ, ಹಿಂದಿನಿಂದ "ಕೈ ಎತ್ತು" ಅಂತ ಕೇಳಿಸಿತು. ಎತ್ತಿದೆ. "ಬ್ಯಾಡ ಬ್ಯಾಡ, ಇಳಸು" ಅಂತ ಬಂತು. ಇಳಿಸಿದೆ. ಮತ್ತೆ ಎತ್ತು ಅಂದರು. ಕೈ ಹೀಗೆ ಏರಿ ಇಳಿಯುವುದನ್ನು ನೋಡಿದ ಅಧ್ಯಕ್ಷರು, ಪಾಪ, ನನಗೇನೋ ಹೇಳುವುದಿದೆ ಅಂದುಕೊಂಡು, ಎದ್ದು ಮಾತಾಡಿರಿ ತಂಗಿ ಅಂದರು.

ಎದ್ದು ನಿಂತೆ. ನನ್ನ ಕಿಟಕಿಯಿಂದ ಗಟಾರ ಅನ್ನು, ಗಟಾರ ಅನ್ನು ಅಂತ ಪಿಸುಮಾತು. ಬಾಜೂ ಕಿಟಕಿಯವರು ತಮ್ಮ ಹೆಂಡತಿಗೆ ಲೈಟಿನ ಕಂಬ ಅಂತ ಹೇಳಿಕೊಡುತ್ತಿದ್ದರು. ಅದೂ ನನ್ನ ಕಿವಿಗೇ ಬೀಳುತ್ತಿತ್ತು. ಗಟಾರದಲ್ಲಿ ಕಂಬ ನಿಲ್ಲಿಸಿರಿ ಅಂತ ಬಾಯಿಗೆ ಬಂದುಬಿಟ್ಟಿತ್ತು.

ನನ್ನ ಪಕ್ಕದಲ್ಲಿ ಕೂತಿದ್ದವರು ಕಾಕು. ಕಾಕು ಅಂದರೆ ಚಿಕ್ಕಮ್ಮ, ಊರಿಗೆಲ್ಲ ಅವರು ಕಾಕುವೇ. ಗಂಡ ತೀರಿಕೊಂಡ ಮೇಲೆ ಕಿರಾಣಿ ಅಂಗಡಿಯನ್ನು ಒಬ್ಬರೇ ನಡೆಸಿಕೊಂಡು ಬಂದ ಹಿರಿಯ ಹೆಣ್ಣುಮಗಳು. ಹಣೆತುಂಬ ವಿಭೂತಿ, ಬಾಯಿತುಂಬ ಎಲೆಅಡಿಕೆ. ಅವರ ಬೆನ್ನ ಹಿಂದಿನ ಕಿಟಕಿ ಮಾತ್ರ ಖಾಲಿ ಇತ್ತು. ಅವರು ನನ್ನ ಸೆರಗು ಮೆಲ್ಲಗೆ ಜಗ್ಗಿ, "ತಂಗಿ, ನಿನಗೇನು ಬೇಕೋ ಅದನ್ನ ಕೇಳು" ಅಂದರು.

ನನಗೆ ಆ ಗಳಿಗೆಯಲ್ಲಿ ನಿಜವಾಗಿ ಬೇಕಾಗಿದ್ದದ್ದು ಒಂದೇ. "ಅಧ್ಯಕ್ಷರ, ಗಾಳಿ ಭಾಳ ಬರಾಕತ್ತೈತ್ರಿ. ಕಿಟಕಿ ಮುಚ್ಚಸ್ರಿ" ಅಂದೆ.

ಕಡುಬೇಸಿಗೆಯ ದಿನ ಅದು. ಹೊರಗಿನ ಬೇವಿನ ಗಿಡದ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅಧ್ಯಕ್ಷರು ಕಿಟಕಿಯ ಕಡೆ ನೋಡಿದರು, ಗಿಡದ ಕಡೆ ನೋಡಿದರು. ಅಷ್ಟರಲ್ಲಿ ಹೆಣ್ಣು ಸದಸ್ಯರೆಲ್ಲರ ಕೈ ಒಟ್ಟಿಗೆ ಮೇಲೆದ್ದವು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಕಿಟಕಿಗಳು ಮುಚ್ಚಿದವು. ಒಳಗೆ ಬೆವರಿ ತೊಯ್ದು ತಪ್ಪಡಿಯಾದೆವು, ಆದರೆ ಅವತ್ತು ಮಧ್ಯಾಹ್ನದವರೆಗೆ ನಾವು ಹೆಂಗಸರು ಮಾತಾಡಿದಷ್ಟು ಆ ಸಭಾಂಗಣದಲ್ಲಿ ಹಿಂದೆ ಯಾರೂ ಮಾತಾಡಿರಲಿಕ್ಕಿಲ್ಲ.

ಟಂಟಂನಲ್ಲಿ ಮನೆಗೆ ಹೋಗುವಾಗ ಯಜಮಾನರು ಕೇಳಿದರು:

"ಎಲ್ಲಿತ್ತ ಗಾಳಿ?"

"ನೀವ ಕಿವ್ಯಾಗ ಊದಾಕತ್ತಿದ್ರಲ್ರಿ," ಅಂದೆ, "ಅದ."

ಬೇಲಿ

ಪರಿಸರ ದಿನದಂದು ನಮ್ಮ ವಾರ್ಡಿನ ಖಾಲಿ ಜಾಗದಲ್ಲಿ ಗಿಡ ಹಚ್ಚುವುದು ಅಂತ ಠರಾವಾಯಿತು. ಓಣಿಯ ಮಕ್ಕಳಿಗೆ ಆಡುವುದಕ್ಕೆ ನೆರಳಿಲ್ಲ ಅಂತ ಗಂಟು ಬಿದ್ದು ಮಂಜೂರು ಮಾಡಿಸಿಕೊಂಡವಳು ನಾನೇ. ಅತಿಥಿಗಳು ಬಂದರು. ಅರಳಿ, ಬಸರಿ, ನೇರಳೆ ಸಸಿಗಳು ಬಂದವು. ಒಂದೊಂದು ಸಸಿಯನ್ನು ನಾಲ್ಕಾರು ಜನ ಹಿಡಿದುಕೊಂಡು ಫೋಟೋಗೆ ನಕ್ಕರು. ಯಾರು ಹಚ್ಚಿದ್ದು ಅಂತ ಪ್ರತಿ ಸಸಿಗೂ ಹೆಸರಿನ ಚೀಟಿ ಕಟ್ಟಿದರು. ಚಹಾ ಕುಡಿದು ಹೋದರು. ಬೇಲಿಯ ವಿಷಯ ಯಾರಿಗೂ ನೆನಪಾಗಲಿಲ್ಲ, ನನಗೂ.

ಮರುದಿನ ಹೋಗಿ ನೋಡಿದರೆ ಕಡ್ಡಿಗಳು ನಿಂತಿದ್ದವು. ಕಡ್ಡಿಗೆ ಅತಿಥಿಗಳ ಹೆಸರು ನೇತಾಡುತ್ತಿತ್ತು. ಎಲೆ ಅನ್ನುವುದು ಒಂದೂ ಇರಲಿಲ್ಲ. ನೆಲದ ತುಂಬ ಕುರಿಯ ಹಿಕ್ಕೆ. ಆ ಓಣಿಯಲ್ಲಿ ಕುರಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ.

ಸಭೆಯಲ್ಲಿ ಇದು ಬರದೆ ಇರುತ್ತದೆಯೇ? ನನ್ನ ಕಂಡರೆ ಆಗದ ಸದಸ್ಯರೊಬ್ಬರು ಎದ್ದು, ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು ಅಂತ ಗಾದೆ ಹೇಳಿದರು. ಎಲ್ಲರೂ ನಕ್ಕರು. ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದೆ. ಕುರಿಯ ಮಾಲಕರಿಗೆ ನೋಟೀಸು ಕೊಡಬೇಕು ಅಂತಾಯಿತು. ಕುರಿಯ ಮಾಲಕರು ಅಂದರೆ ನನ್ನ ಅತ್ತೆ. ಅತ್ತೆಯ ಕೈಗೆ ನೋಟೀಸು ಕೊಡುವುದಕ್ಕೆ ಪಂಚಾಯ್ತಿಯ ಸಿಬ್ಬಂದಿ ಒಬ್ಬರೂ ತಯಾರಾಗಲಿಲ್ಲ. ಕಡೆಗೆ ಅದನ್ನು ಮಡಚಿ ನನ್ನ ಕೈಗೇ ಕೊಟ್ಟರು.

ಅತ್ತೆ ಕಟ್ಟೆಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದರು. ನಾನು ನಿಂತುಕೊಂಡೇ ಪೂರ್ತಿ ಓದಿದೆ. ಅವರು ಕೈ ನಿಲ್ಲಿಸದೆ ಕೇಳಿಸಿಕೊಂಡರು. ಆಮೇಲೆ ಅಂದರು: "ಗಿಡ ಹಚ್ಚಿದವರಿಗೆ ಫೋಟೋ ಬೇಕಾಗಿತ್ತು, ಸಿಕ್ತು. ಕುರಿಗೆ ಎಲಿ ಬೇಕಾಗಿತ್ತು, ಸಿಕ್ತು. ನಡುವ ನಿಂದೇನ ಯವ್ವಾ ತಕರಾರು?"

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಓಣಿಯವರ ಮುಂದೆ, ಸಭೆಯವರ ಮುಂದೆ ತಲೆ ಎತ್ತದಂತಾಯಿತು ಅಂತ ಹೇಳಿ ಒಳಗೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತೆ. ಮರುದಿನ ಅತ್ತೆಯೇ ಪಂಚಾಯ್ತಿಗೆ ಹೋಗಿ ಅಧ್ಯಕ್ಷರ ಮುಂದೆ ನಿಂತರಂತೆ. ಜಾಲಿಮುಳ್ಳು ತರಿಸಿಕೊಡಿರಿ, ಬೇಲಿ ನಾನು ಕಟ್ಟುತ್ತೇನೆ, ಗೊಬ್ಬರ ನಮ್ಮ ಕುರಿಗಳು ಕೊಡುತ್ತವೆ, ನೀವು ಮಾತ್ರ ದೂರ ಇರಿ ಅಂದರಂತೆ.

ಹೊಸ ಸಸಿ ಬಂದವು. ಅತ್ತೆ ಕಾವಲಿಗೆ ಕೂತರು. ಗಿಡ ಆಳೆತ್ತರ ಬೆಳೆದವು. ಮರುವರ್ಷ ಪರಿಸರ ದಿನಕ್ಕೆ ಬಿಳಿ ಬಟ್ಟೆಯ ಅತಿಥಿಗಳ ಹಿಂಡು ಮತ್ತೆ ಬಂತು. ಹಚ್ಚುವುದಕ್ಕೆ ಜಾಗವಿಲ್ಲದಿದ್ದರೂ ಒಳಗೆ ಹೋಗಿ ಗಿಡ ಹಿಡಿದುಕೊಂಡಾದರೂ ನಿಲ್ಲುತ್ತೇವೆ ಅಂದರು. ಅತ್ತೆ ಬೇಲಿಯ ಬಾಗಿಲಿಗೆ ಬಡಿಗೆ ಅಡ್ಡ ಹಿಡಿದು, ಕುರಿಯಾದರೆ ಎಲೆ ಅಷ್ಟೇ ತಿನ್ನುತ್ತವೆ, ಇವರು ಬೇರುಸಹಿತ ತುಳಿಯುತ್ತಾರೆ ಅಂತ ಹೇಳಿ ಒಬ್ಬರನ್ನೂ ಬಿಡಲಿಲ್ಲ.

ಆ ವರ್ಷದ ಫೋಟೋ ಪಂಚಾಯ್ತಿಯ ಗೋಡೆಯ ಮೇಲೆ ಈಗಲೂ ಇದೆ. ಅತಿಥಿಗಳೆಲ್ಲ ಬೇಲಿಯ ಹೊರಗೆ ಸಾಲಾಗಿ ನಿಂತಿದ್ದಾರೆ. ಬೇಲಿಯ ಒಳಗೆ ನಗುತ್ತಿರುವವರು ಅತ್ತೆ ಒಬ್ಬರೇ.

ಹೆಸರಿನ ಕಲ್ಲು

ನಮ್ಮ ಓಣಿಯ ಗಟಾರದ ಕೆಲಸಕ್ಕಿಂತ ಅದರ ಶಂಕುಸ್ಥಾಪನೆಯ ಕಲ್ಲಿಗೇ ಹೆಚ್ಚು ಹೊತ್ತು ಹಿಡಿಯಿತು. ಯಾರ ಹೆಸರು ಮೇಲೆ, ಯಾರದು ಕೆಳಗೆ ಅಂತ ಸಭೆಯಲ್ಲಿ ಜಗಳ. ಒಬ್ಬರ ಹೆಸರು ಸೇರಿಸಿದರೆ ಇನ್ನೊಬ್ಬರು ಸಿಟ್ಟಾಗುತ್ತಿದ್ದರು. ಕಲ್ಲು ಬೆಳೆಯುತ್ತಾ ಬೆಳೆಯುತ್ತಾ ಕಡೆಗೆ ಇಬ್ಬರು ಎತ್ತುವಂಥ ಕರಿಯ ಚಪ್ಪಡಿಯಾಯಿತು. ವಾರ್ಡಿನ ಸದಸ್ಯಳಾದ ನನ್ನ ಹೆಸರು ಕಟ್ಟಕಡೆಯ ಸಾಲಿನಲ್ಲಿ ಬಂತು. ಯಜಮಾನರು ಕೆತ್ತುವವನ ಹತ್ತಿರ ತಾವೇ ಹೋಗಿ, ಅಕ್ಷರ ಆಳವಾಗಿ ಬರಲಿ ಅಂತ ಹೇಳಿ ಬಂದಿದ್ದರು.

ಗಟಾರವೂ ಆಯಿತು ಅನ್ನಿ. ಮಳೆಗಾಲಕ್ಕೆ ಮೊದಲು ನೀರು ಸರಿಯಾಗಿ ಹರಿಯುತ್ತದೋ ಇಲ್ಲವೋ ನೋಡೋಣ ಅಂತ ಓಣಿಯುದ್ದಕ್ಕೂ ನಡೆದುಕೊಂಡು ಹೋದೆ. ಮೂಲೆಯ ಮನೆಯ ಮುಂದೆ ಆ ಕಲ್ಲು ಕಾಣಲಿಲ್ಲ. ನಿಲ್ಲಿಸಿದ್ದ ಜಾಗ ಖಾಲಿ. ಪಕ್ಕದಲ್ಲಿ ಆ ಮನೆಯ ಸೊಸೆ ಬಟ್ಟೆ ಒಗೆಯುತ್ತಿದ್ದಳು. ಅವಳ ಕೈಯ ಕೆಳಗೆ ಸಾಬೂನಿನ ನೊರೆ. ನೊರೆಯ ಕೆಳಗೆ ಅಧ್ಯಕ್ಷರು, ಉಪಾಧ್ಯಕ್ಷರು, ಮುಖ್ಯ ಅತಿಥಿಗಳು, ಕಡೆಯಲ್ಲಿ ನಾನು.

ಸಿಟ್ಟು ಬರಬೇಕಿತ್ತು. ಅವಳು ಮುಖ ಎತ್ತಿ ನನ್ನನ್ನು ನೋಡಿ ಎಷ್ಟು ಸಂತೋಷಪಟ್ಟಳೆಂದರೆ ಬರಲಿಲ್ಲ. ಕಲ್ಲು ತಾನಾಗಿಯೇ ಬಿದ್ದಿತ್ತು, ಸುಮ್ಮನೆ ಯಾಕೆ ಹಾಳಾಗಬೇಕು ಅಂತ ಹಾಕಿಕೊಂಡೆ ಅಂತ ವಿವರಿಸಿದಳು. ಆಮೇಲೆ ಗಂಡನ ಅಂಗಿಯ ಕಾಲರನ್ನು ಕಲ್ಲಿನ ಕೆಳತುದಿಗೆ ಎಳೆದುಕೊಂಡು ತಿಕ್ಕುತ್ತಾ ಹೇಳಿದಳು: "ಅಕ್ಕಾರ, ನಿಮ್ಮ ಹೆಸರ ಮ್ಯಾಲ ತಿಕ್ಕಿದ್ರ ಕೊಳಿ ಭಾಳ ಚಲೋ ಹೋಗ್ತೈತ್ರಿ. ಅಧ್ಯಕ್ಷರ ಹೆಸರು ನುಣ್ಣಗೈತಿ, ಅಲ್ಲಿ ಕರ್ಚೀಪ ಅಷ್ಟ."

ಕಸದ ಗಾಡಿ

ಊರಿಗೆ ಕಸದ ಗಾಡಿ ಬಂದಿತ್ತು. ಮೇಲೆ ಭೋಂಗಾ ಇತ್ತು, ಭೋಂಗಾದಲ್ಲಿ ಹಾಡಿತ್ತು. ಕಸ ತರುವವರು ಮಾತ್ರ ಇರಲಿಲ್ಲ. ಹಾಡು ಕೇಳುತ್ತಾ ಮಲಗಿದಲ್ಲೇ ಮಗ್ಗುಲು ಬದಲಿಸುತ್ತಿದ್ದರು, ಗಾಡಿ ಹೋದ ಮೇಲೆ ಎದ್ದು ಊರ ಅಂಚಿನ ಖಾಲಿ ಜಾಗಕ್ಕೆ ಒಗೆದು ಬರುತ್ತಿದ್ದರು. ಹಾಡಿನ ಬದಲು ಊರಿನವರದೇ ಧ್ವನಿ ಹಾಕೋಣ, ಸದಸ್ಯರೇ ಹೇಳಿದರೆ ಜನ ಕೇಳುತ್ತಾರೆ ಅಂತ ಮುಖ್ಯಾಧಿಕಾರಿಗಳು ಯೋಚನೆ ಮಾಡಿದರು. ಯಾರ ಧ್ವನಿ ಅಂದಾಗ ಎಲ್ಲರೂ ನನ್ನ ಕಡೆ ನೋಡಿದರು. ಕಾಲುವೆಯ ಈಚೆ ನಿಂತು ಆಚೆಯ ಕುರಿಗಳನ್ನು ತಿರುಗಿಸಿದ ಗಂಟಲು ನನ್ನದು.

ಗಾಡಿಯ ಡ್ರೈವರ್ ಬೆಳಿಗ್ಗೆ ನಮ್ಮ ಮನೆಗೇ ಬಂದ. ಮೊಬೈಲ್ ಹಿಡಿದು, ಹೇಳಿರಿ ಅಕ್ಕಾರೆ ಅಂದ. ನಾನು ಸೆರಗು ಹೊದ್ದು, ಗಂಟಲು ಸರಿ ಮಾಡಿಕೊಂಡು, ಕಸದ ಗಾಡಿ ಬಂದಿದೆ, ಹಸಿ ಕಸ ಬೇರೆ ಒಣ ಕಸ ಬೇರೆ ಮಾಡಿ ತನ್ನಿರಿ, ಊರು ಸ್ವಚ್ಛ ಇಡಿರಿ ಅಂತ ಚೆನ್ನಾಗಿಯೇ ಹೇಳಿದೆ. ಮುಗಿಯಿತು ಅಂದುಕೊಂಡು ತಿರುಗಿದರೆ ಹೊರಸಿನ ಮೇಲೆ ಯಜಮಾನರು ಇನ್ನೂ ಮುಸುಕು ಹಾಕಿಕೊಂಡು ಮಲಗಿದ್ದರು. ಅದೇ ಉಸಿರಿನಲ್ಲಿ ಅವರಿಗೂ ಹೇಳಿದೆ: "ಏಳ್ರಿ ಇನ್ನ. ಬಿಸಿಲು ಹೊಟ್ಟಿ ಮ್ಯಾಲ ಬಂದೈತಿ. ಹಿಂಗ ಬಿದ್ಕೊಂಡ್ರ ನಿಮ್ಮನ್ನೂ ಅದ ಗಾಡ್ಯಾಗ ಹಾಕಿ ಕಳಸ್ತೇನಿ ನೋಡ್ರಿ."

ಡ್ರೈವರ್ ಮೊಬೈಲ್ ಬಂದ್ ಮಾಡಿರಲಿಲ್ಲ. ಆತನಿಗೆ ಎಲ್ಲಿಗೆ ಭಾಷಣ ಮುಗಿದು ಎಲ್ಲಿಂದ ಸಂಸಾರ ಶುರುವಾಯಿತು ಅನ್ನುವುದೂ ತಿಳಿದಂತಿಲ್ಲ. ಇದ್ದದ್ದನ್ನು ಇದ್ದ ಹಾಗೆ ಭೋಂಗಾಕ್ಕೆ ಹಾಕಿದ.

ಮರುದಿನ ಬೆಳಿಗ್ಗೆ ನಾನು ಅಂಗಳ ಸಾರಿಸುತ್ತಿದ್ದೆ. ದೂರದ ಓಣಿಯಲ್ಲಿ ನನ್ನದೇ ಧ್ವನಿ ಕೇಳಿಸಿತು. ಹಸಿ ಕಸ, ಒಣ ಕಸ ಎಲ್ಲ ಚಂದ ಬಂತು. ಅದರ ಹಿಂದೆ "ಏಳ್ರಿ ಇನ್ನ" ಅನ್ನುವುದೂ ಬಂತು. ಕೈಯಲ್ಲಿದ್ದ ಸಗಣಿ ಕೆಳಗೆ ಬಿತ್ತು. ಗಾಡಿ ಓಣಿಯಿಂದ ಓಣಿಗೆ ತಿರುಗುತ್ತಾ ನಮ್ಮ ಮನೆಯ ಕಡೆಗೇ ಬರುತ್ತಿತ್ತು. ಆಗ ನೋಡಿದೆ. ಮನೆಮನೆಯಿಂದ ಗಂಡಸರು ಲುಂಗಿ ಕಟ್ಟಿಕೊಳ್ಳುತ್ತಾ ಬಕೆಟ್ ಹಿಡಿದು ಓಡಿ ಬರುತ್ತಿದ್ದರು. ಅರೆನಿದ್ದೆಯಲ್ಲಿ ಅವರಿಗೆ ಅದು ಯಾರ ಹೆಂಡತಿಯ ಧ್ವನಿ ಅಂತ ಗೊತ್ತಾಗಿರಲಿಲ್ಲ. ಯಾಕೆ ಸುಮ್ಮನೆ ಅಂತ ಎದ್ದು ಬಂದಿದ್ದರು.

ಟಂಟಂ ನಿಲ್ಲುವ ಕಡೆ ಯಜಮಾನರಿಗೆ ಮುಖ ತೋರಿಸಲಾಗದಂತಾಯಿತು. ಗಾಡಿಗೆ ಸಿಗದೆ ತಪ್ಪಿಸಿಕೊಂಡು ಬಂದಿರೇನು ಅಂತ ಪ್ಯಾಸೆಂಜರುಗಳೂ ಕೇಳುತ್ತಿದ್ದರಂತೆ. ಮನೆಗೆ ಬಂದು, ಇದು ನಿಲ್ಲುವವರೆಗೆ ನಿನ್ನ ಸಂಗಡ ಮಾತಿಲ್ಲ ಅಂದರು. ಅವರ ಮುಖ ನೋಡಿ ನನಗೂ ಕೆಟ್ಟೆನಿಸಿತು. ಮುಖ್ಯಾಧಿಕಾರಿಗಳ ಹತ್ತಿರ ಓಡಿದೆ. ಅವರು, ಖಾಲಿ ಜಾಗದಲ್ಲಿ ಈಗ ಕಸ ಬೀಳುತ್ತಿಲ್ಲ, ಬಾಜೂ ವಾರ್ಡಿನ ಹೆಣ್ಣುಮಕ್ಕಳು ನಮ್ಮ ಕಡೆಗೂ ಇದೇ ಗಾಡಿ ಕಳಿಸಿರಿ ಅಂತ ಬಂದು ಹೋದರು ಅಂತ ಸಂಕಟದಿಂದ ಹೇಳಿದರು. ಆದರೂ ನನ್ನ ಮಾತಿಗೆ ಬೆಲೆ ಕೊಟ್ಟು ಹೊಸದಾಗಿ ಮಾಡಿಸಿದರು. ಈ ಸಲ ಯಜಮಾನರೇ ಎದುರು ಕೂತು ಏನು ಹೇಳಬೇಕೆಂದು ಹೇಳಿಕೊಟ್ಟರು. ಮಾನ್ಯ ನಾಗರಿಕರೇ, ದಯಮಾಡಿ ಎದ್ದು ಬನ್ನಿರಿ, ತಮ್ಮ ಸಹಕಾರ ಕೋರುತ್ತೇವೆ ಅಂತ.

ಒಬ್ಬರೂ ಏಳಲಿಲ್ಲ. ಖಾಲಿ ಜಾಗ ಮತ್ತೆ ತುಂಬಿತು. ನಾಯಿ, ಹಂದಿ ಎಲ್ಲ ತಿರುಗಿ ಬಂದವು. ಕಡೆಗೆ ಕಾಕು ತಮ್ಮ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಬಂದು, ಮೊದಲಿನ ಬೈಗುಳವನ್ನೇ ಹಾಕಿಸಿರಿ ಅಂತ ಪಂಚಾಯ್ತಿಯ ಮುಂದೆ ಕೂತರು. ಹಳೆಯದೇ ಬಂತು.

ಯಜಮಾನರು ಇದಕ್ಕೊಂದು ದಾರಿ ಕಂಡುಕೊಂಡರು. ಗಾಡಿ ಬರುವುದಕ್ಕಿಂತ ಮೊದಲೇ ಎದ್ದು, ಮುಖ ತೊಳೆದು, ಟಂಟಂ ಹತ್ತಿ ಗೋಕಾಕಕ್ಕೆ ಹೋಗಿಬಿಡುವುದು. ಅಲ್ಲಿ ಚಹಾದಂಗಡಿಯ ಮುಂದೆ ಕೂತಾಗ ಆ ಊರಿನ ಕಸದ ಗಾಡಿ ಹಾರ್ನ್ ಹೊಡೆದರೂ ಎದ್ದು ನಿಲ್ಲುತ್ತಾರೆ ಅಂತ ಅವರ ದೋಸ್ತರು ಹೇಳುತ್ತಾರೆ.

ಕುಂದ್ರಾಕ ಒಂದು ಜಾಗ

ಇದನ್ನು ಹೇಳುವುದಕ್ಕೆ ಇವತ್ತಿಗೂ ಸ್ವಲ್ಪ ನಾಚಿಕೆ. ಆದರೂ ಹೇಳುತ್ತೇನೆ.

ನಮ್ಮೂರ ಸಂತೆಗೆ ಕುಲಗೋಡದ ಕಡೆಯಿಂದ, ಸುತ್ತಲಿನ ಹಳ್ಳಿಗಳಿಂದ ಹೆಣ್ಣುಮಕ್ಕಳು ಮೊದಲ ಬಸ್ಸಿಗೆ ಕಾಯಿಪಲ್ಲೆಯ ಬುಟ್ಟಿ ಹೊತ್ತುಕೊಂಡು ಬರುತ್ತಾರೆ. ಬಿಸಿಲಲ್ಲಿ ಕೂತರೆ ಸಂಜೆ ಬಸ್ಸಿಗೇ ಏಳುವುದು. ಒಂದು ಸಂತೆಯ ದಿನ ಕೊತ್ತಂಬರಿ ಮಾರುವ ಹೆಂಗಸು ತಲೆ ತಿರುಗಿ ಬುಟ್ಟಿಯ ಮೇಲೇ ಬಿದ್ದಳು. ನಾನು, ಕಾಕು ಅಲ್ಲೇ ಇದ್ದೆವು. ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿ, ಕುಡಿಯವ್ವಾ ಅಂತ ತಂಬಿಗೆ ಬಾಯಿಗೆ ಹಿಡಿದೆವು. ಅವಳು ತುಟಿ ಬಿಗಿ ಹಿಡಿದು ಮುಖ ತಿರುಗಿಸಿದಳು. "ಬ್ಯಾಡ್ರಿ ಅಕ್ಕಾರ. ಕುಡದ್ರ ಹೋಗೂದೆಲ್ಲಿ?" ಅಂದಳು.

ಆಗ ಸುತ್ತ ನೋಡಿದೆ. ಸಂತೆಯಲ್ಲಿ ಅಷ್ಟು ಹೆಂಗಸರು ಕೂತಿದ್ದರು, ಒಬ್ಬಳ ಹತ್ತಿರವೂ ನೀರಿನ ಬಾಟಲಿ ಇರಲಿಲ್ಲ. ಗಂಡಸರಿಗೇನು, ಊರೆಲ್ಲ ಗೋಡೆ.

ಮುಂದಿನ ಸಭೆಯಲ್ಲಿ ವಿಷಯ ಎತ್ತುವ ಕೆಲಸ ನನ್ನ ಪಾಲಿಗೆ ಬಂತು. ಎದ್ದು ನಿಂತೆ. ಎದುರಿಗೆ ಸಾಲಾಗಿ ಗಂಡಸರು, ಅದರಲ್ಲಿ ನಮ್ಮ ಯಜಮಾನರ ದೊಡ್ಡಪ್ಪನ ಮಗನೂ ಒಬ್ಬರು. ಆ ಶಬ್ದ ಗಂಟಲಿನಿಂದ ಮೇಲೆ ಬರಲೇ ಇಲ್ಲ. ಸಂತೆಯಲ್ಲಿ ಹೆಣ್ಣುಮಕ್ಕಳಿಗೆ ಕುಂದ್ರಾಕ ಒಂದು ಜಾಗ ಬೇಕು ಅಂದೆ. ಹೆಣ್ಣು ಸದಸ್ಯರೆಲ್ಲ ತಲೆ ತಗ್ಗಿಸಿ ಹೌದು ಹೌದು ಅಂದರು. ಅಧ್ಯಕ್ಷರು ಬಹಳ ಸಂತೋಷದಿಂದ, ಇದಕ್ಕೆ ಯಾರದೂ ತಕರಾರಿಲ್ಲ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಆಗಲೇ ಮಂಜೂರು ಮಾಡಿದರು. ಇಷ್ಟು ಸುಲಭವೇ ಅಂತ ನಾವು ಬೀಗಿದೆವು.

ಸ್ವಲ್ಪ ದಿನಕ್ಕೆ ಸಂತೆಯಲ್ಲಿ ಜಾಗ ತಯಾರಾಯಿತು. ಸಿಮೆಂಟಿನ ಬೆಂಚುಗಳು. ಬೆನ್ನಿಗೆ ಆನಿಕೆ ಸಹಿತ ಇತ್ತು. ಅವುಗಳ ಮೇಲೂ ಗಂಡಸರೇ ಕೂತು ಪೇಪರ್ ಓದುತ್ತಿದ್ದರು.

ಆಮೇಲಿನ ಸಭೆಯಲ್ಲಿ ಕಾಕು ಎದ್ದು, ನಮಗೆ ಬೇಕಾದದ್ದು ಸಂಡಾಸ ಅಂತ ನೆಟ್ಟಗೆ ಹೇಳಿದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿ ಮೀಸೆಯಲ್ಲಿ ನಕ್ಕರು. ಜಾಗ ಇಲ್ಲ ಅಂದರು ಒಬ್ಬರು, ವಾಸನೆ ಬರುತ್ತದೆ ಅಂದರು ಇನ್ನೊಬ್ಬರು, ಅಂಥದ್ದೇನು ಅವಸರ, ಸ್ವಲ್ಪ ತಡೆದುಕೊಂಡರೆ ಆಯಿತು ಅಂದರು ಅಧ್ಯಕ್ಷರು. ಮುಂದಿನ ಸಭೆಗೆ ಇಡೋಣ ಅಂತಾಯಿತು. ಮುಂದಿನ ಸಭೆಯಲ್ಲೂ ಹಾಗೆಯೇ ಆಯಿತು. ಅದರ ಮುಂದಿನದರಲ್ಲೂ.

ಕಾಕು ವಾದ ಮಾಡುವುದನ್ನು ಬಿಟ್ಟರು. ಸಭೆ ಸಂತೆಯ ದಿನವೇ ಇದ್ದರೆ ಎಲ್ಲರಿಗೂ ಅನುಕೂಲ, ಅಂಗಡಿ ಕೆಲಸವೂ ಆಗುತ್ತದೆ ಅಂತ ಅಧ್ಯಕ್ಷರನ್ನು ಒಪ್ಪಿಸಿದರು. ಆ ದಿನ ಬಿಸಿಲು ಬೆಂಕಿಯಂತಿತ್ತು. ಕಾಕು ಮನೆಯಿಂದ ದೊಡ್ಡ ಕೊಡಗಳಲ್ಲಿ ಮಜ್ಜಿಗೆ ಹೊರಿಸಿಕೊಂಡು ಬಂದರು. ಶುಂಠಿ, ಜೀರಿಗೆ, ಕರಿಬೇವು ಹಾಕಿದ ತಣ್ಣನೆಯ ಮಜ್ಜಿಗೆ. ಗಂಡಸರಿಗೆ ತಾವೇ ಬಗ್ಗಿ ಬಗ್ಗಿ ಹಾಕಿದರು. ಗ್ಲಾಸು ಅರ್ಧಕ್ಕೆ ಇಳಿಯುವಷ್ಟರಲ್ಲಿ ಮತ್ತೆ ತುಂಬಿಸುತ್ತಿದ್ದರು. ಹೊಗಳಿ ಹೊಗಳಿ ಕುಡಿದರು. ನಮಗೆ ಹೆಂಗಸರಿಗೆ ಮಾತ್ರ ಕಾಕು ಕಣ್ಣಲ್ಲೇ ಬೇಡ ಅಂದಿದ್ದರು.

ಆಮೇಲೆ ಕಾಕು ವಿಷಯ ತೆಗೆದರು. ಯಾವ ಅವಸರವೂ ಇಲ್ಲದೆ, ಸಂತೆಗೆ ಬರುವ ಒಬ್ಬೊಬ್ಬ ಹೆಣ್ಣುಮಗಳ ಊರು, ಕೇರಿ, ಬಸ್ಸು, ಬುಟ್ಟಿ ಎಲ್ಲ ಹೇಳುತ್ತಾ ಹೋದರು. ಗಂಡಸರು ಮೊದಲು ಆಕಳಿಸಿದರು. ಸ್ವಲ್ಪ ಹೊತ್ತಿಗೆ ಆಕಳಿಕೆ ನಿಂತಿತು. ಕಾಲ ಮೇಲೆ ಕಾಲು ಹಾಕಿಕೊಂಡರು. ಕಾಲು ಬದಲಿಸಿದರು.

ನಮ್ಮ ಪಂಚಾಯ್ತಿಯ ಸ್ವಂತ ಸಂಡಾಸದ ಕಥೆ ಹೇಳಬೇಕು. ಅದರಲ್ಲಿ ಬ್ಲೀಚಿಂಗ್ ಪೌಡರಿನ ಚೀಲ, ಮುರಿದ ಕಸಬರಿಗೆ ತುಂಬಿ ಯಾವುದೋ ಕಾಲವಾಗಿತ್ತು. ಹಿಂದೆ ಕಂಪೌಂಡಿನ ಗೋಡೆ ಇದ್ದುದರಿಂದ ಗಂಡಸರಿಗೆ ಅದರ ಕೊರತೆ ಕಂಡಿರಲಿಲ್ಲ.

ಎಲ್ಲರಿಗಿಂತ ಹಿರಿಯ ಸದಸ್ಯರು ಮೊದಲು ಎದ್ದು, ಒಂದು ಫೋನ್ ಮಾಡಿ ಬರುತ್ತೇನೆ ಅಂತ ಹೊರಗೆ ಹೋದರು. ಹೋದಷ್ಟೇ ಬೇಗ ತಿರುಗಿ ಬಂದರು. ಕೈಯಲ್ಲಿ ಕೊತ್ತಂಬರಿ ಕಟ್ಟು ಇತ್ತು. ಅದನ್ನು ಮೇಜಿನ ಮೇಲಿಟ್ಟು ಕೂತರು. ಆಮೇಲೆ ಇನ್ನೊಬ್ಬರು ಹೋದರು. ಮೆಂತ್ಯದ ಸೊಪ್ಪು ಹಿಡಿದುಕೊಂಡು ಬಂದರು. ಮೂರನೆಯವರು ಬದನೆಕಾಯಿ ತಂದರು.

ಆಗಿದ್ದಿಷ್ಟೇ. ಕಾಕು ಸಂತೆಯ ಹೆಂಗಸರಿಗೆ, ಪಂಚಾಯ್ತಿಯ ಗೋಡೆಯ ಹತ್ತಿರ ಒಳ್ಳೆಯ ನೆರಳಿದೆ, ಈ ಹೊತ್ತು ಅಲ್ಲೇ ಕೂತು ಮಾರಿರಿ ಅಂದಿದ್ದರು. ಅವರು ಕಂಪೌಂಡಿನ ಒಳಗೆ ಗೋಡೆಯುದ್ದಕ್ಕೂ, ಹಿಂದೆ, ಮುಂದೆ, ಎರಡೂ ಮಗ್ಗುಲಿಗೆ ಬುಟ್ಟಿ ಹಚ್ಚಿಕೊಂಡು ಕೂತಿದ್ದರು. ಹೊರಗೆ ಬಂದ ಸದಸ್ಯರು ಗೋಡೆಯ ಕಡೆ ಅವಸರದಿಂದ ಹೋದರೆ, ಏನು ಕೊಡಲಿರಿ ಸಾಹುಕಾರ್ರ ಅಂತ ಕೇಳುತ್ತಿದ್ದರು. ಬಂದದ್ದು ಯಾಕೆ ಅಂತ ಹೇಳುವ ಹಾಗಿಲ್ಲ. ಏನಾದರೊಂದು ಕೊಂಡು ತಿರುಗಿ ಬರಬೇಕು.

ಮೇಜಿನ ಮೇಲೆ ಸಂತೆಯೇ ತುಂಬುತ್ತಿತ್ತು. ಅಧ್ಯಕ್ಷರು ಬಹಳ ಹೊತ್ತು ಗಟ್ಟಿಯಾಗಿ ಕೂತಿದ್ದರು. ಕಡೆಗೆ ಅವರೂ ಎದ್ದರು. ಹಣೆಯ ಮೇಲೆ ಬೆವರು. ಅವರು ಗೋಡೆಯನ್ನು ಪೂರಾ ಒಂದು ಸುತ್ತು ಹಾಕಿರಬೇಕು, ಯಾಕೆಂದರೆ ಬರುವುದು ಸ್ವಲ್ಪ ತಡವಾಯಿತು. ಬಂದಾಗ ಎರಡೂ ಕೈಯಿಂದ ಒಂದು ಕುಂಬಳಕಾಯಿಯನ್ನು ಹೊಟ್ಟೆಗೆ ಅವಚಿಕೊಂಡಿದ್ದರು.

ಯಾರೂ ನಗಲಿಲ್ಲ. ನಗುವ ಸ್ಥಿತಿಯಲ್ಲಿ ಗಂಡಸರು ಇರಲಿಲ್ಲ, ನಾವು ಹೆಂಗಸರು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆವು. ಕಾಕು ಕೊಡ ಎತ್ತಿಕೊಂಡು, "ಅಧ್ಯಕ್ಷರ, ಬಿಸಲಾಗ ಹೋಗಿ ಬಂದ್ರಿ. ಇನ್ನೊಂದು ಗ್ಲಾಸ್ ಹಾಕಲ್ರಿ?" ಅಂದರು.

ಅಧ್ಯಕ್ಷರು ಕುಂಬಳಕಾಯಿ ಕೆಳಗಿಡದೆಯೇ, ಠರಾವು ಬರೆಯಿರಿ ಅಂದರು. ಎಲ್ಲ ಕೈಗಳೂ ಎದ್ದವು. ಕೆಲಸ ಯಾವಾಗ ಶುರು ಮಾಡಬೇಕು ಅಂತ ಇಂಜಿನಿಯರು ಪಾಪ ಗೊತ್ತಿಲ್ಲದೆ ಕೇಳಿದರು. "ಇವತ್ತ. ಇನ್ನ ತಡ್ಕೊಳ್ಳಾಕ ಆಗೂದಿಲ್ಲ" ಅಂತ ಹೇಳಿ ಅಧ್ಯಕ್ಷರು ಬಾಗಿಲು ದಾಟಿದರು. ಅವರ ಮೋಟರ್‌ಸೈಕಲ್ ಮನೆಯ ಕಡೆಗೆ ಹೋದ ಸಪ್ಪಳ ಎಲ್ಲರಿಗೂ ಕೇಳಿಸಿತು. ಮುಖ್ಯಾಧಿಕಾರಿಗಳು ತಲೆ ಎತ್ತದೆ, ವಿಷಯವು ಅತಿ ತುರ್ತಿನದಾಗಿರುವುದರಿಂದ ಅಧ್ಯಕ್ಷರು ನಿಂತಲ್ಲೇ ಮಂಜೂರು ಮಾಡಿದರು ಅಂತ ಬರೆದುಕೊಂಡರು.

ಕಟ್ಟಡ ಬೇಗ ಎದ್ದಿತು. ಉದ್ಘಾಟನೆಯನ್ನು ಕೊತ್ತಂಬರಿಯ ಹೆಂಗಸಿನ ಕೈಯಿಂದ ಮಾಡಿಸಿದೆವು. ಅಧ್ಯಕ್ಷರು ಒಳ್ಳೆಯವರು. ಹೆಣ್ಣುಮಕ್ಕಳ ಕಷ್ಟ ಏನೆಂದು ತಮಗೆ ಅವತ್ತು ತಿಳಿಯಿತು ಅಂತ ಎಲ್ಲರ ಮುಂದೆ ಖರೆ ಮನಸ್ಸಿನಿಂದ ಹೇಳಿದರು. ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಕಾಕು ಅವತ್ತೂ ಮಜ್ಜಿಗೆ ಮಾಡಿಕೊಂಡು ಬಂದಿದ್ದರು. ಸಂತೆಯ ಹೆಂಗಸರು ಹೊಟ್ಟೆತುಂಬ, ಮತ್ತೆ ಮತ್ತೆ ಹಾಕಿಸಿಕೊಂಡು ಕುಡಿದರು. ಹಾಗೆಯೇ ಹಂಚುತ್ತಾ ಬಂದ ಕಾಕು ಅಧ್ಯಕ್ಷರ ಮುಂದೆಯೂ ಒಂದು ಗ್ಲಾಸು ಹಿಡಿದರು.

ಅಧ್ಯಕ್ಷರು ಕೈ ಚಾಚಿದರು. ಚಾಚಿದವರು ಒಮ್ಮೆ ಹಿಂದೆ ತಿರುಗಿ ಕಟ್ಟಡದ ಮೇಲಿನ ಬೋರ್ಡು ಓದಿದರು. "ಮಹಿಳೆಯರಿಗೆ ಮಾತ್ರ" ಅಂತ ಇತ್ತು.

ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡು, "ಬ್ಯಾಡ್ರಿ ಕಾಕು," ಅಂದರು, "ಕುಡದ್ರ ಹೋಗೂದೆಲ್ಲಿ?"